ಯಾರ ಕೊಡದ ನೀರು?

ಹಾವೇರಿ ಸ್ಟೇಷನ್ನಿನಲ್ಲಿ ಮುದುಕನೊಬ್ಬ ಬಿಸಿಲಿಗೆ ಎಚ್ಚರ ತಪ್ಪಿ ಬಿದ್ದ. ಆಗ ಸ್ಟೇಷನ್ನುಗಳಲ್ಲಿ ಹಿಂದೂಗಳ ನೀರೇ ಬೇರೆ, ಮುಸಲ್ಮಾನರ ನೀರೇ ಬೇರೆ. ಹಿಂದೂಗಳಿಗೆ ನೀರು ಕೊಡುವವನೂ ಮುಸಲ್ಮಾನರಿಗೆ ಕೊಡುವವನೂ ತಮ್ಮ ತಮ್ಮ ಕೊಡದ ಬಳಿಯೇ ನಿಂತರು.

“ಯಾರಂವ ಅಂತ ಗೊತ್ತಾಗಬೇಕಲ್ರಿ?” ಎಂದ ಒಬ್ಬ.

“ಎಚ್ಚರಿಲ್ಲದಾಂವ ಜಾತಿ ಹ್ಯಾಂಗ ಹೇಳ್ಯಾನೋ, ಶ್ಯಾಣ್ಯಾ?” ಎಂದು ನಾನು ರೇಗಿದೆ.

ಮನುಷ್ಯರೆಲ್ಲ ಒಂದೇ ಎಂದು ಆಗಷ್ಟೇ ಭಾಷಣ ಮುಗಿಸಿ ಬಂದಿದ್ದ ನಮ್ಮ ಮುಖಂಡರು, “ಲಗೂ ಬಾರೋ, ಗಾಡಿ ಬಂತು,” ಎಂದು ನನ್ನನ್ನೇ ಕರೆದರು.

ಹತ್ತಿರದ ಕೊಡದಿಂದ ತಂಬಿಗೆ ತುಂಬಿಕೊಂಡು ಮುದುಕನ ಮುಖಕ್ಕೆ ಚಿಮುಕಿಸಿ ಬಾಯಿಗೆ ಹಿಡಿದೆ. ಆತ ಕಣ್ಣು ತೆರೆದ. “ಯಾರ ಕೊಡದ ನೀರ್ರಿ ಇದು?” ಎಂದವನೇ ತುಟಿ ಬಿಗಿದು ತಂಬಿಗೆ ತಳ್ಳಿದ.

ಮನುಷ್ಯನ ಹಕ್ಕುಗಳ ಪರವಾಗಿ ಚರ್ಚಾಕೂಟಗಳಲ್ಲಿ ಈಗಲೂ ಗೆಲ್ಲುತ್ತೇನೆ. ಆದರೆ ಬಾಯಾರಿ ಸಾಯುವುದೂ ಅವನ ಹಕ್ಕೇ ಎಂದು ಎದುರಾಳಿ ಯಾರಾದರೂ ಕೇಳಿದರೆ, ಮೇಜಿನ ಮೇಲಿನ ನೀರು ಕುಡಿದು ಮುಂದಿನ ಮಾತಿಗೆ ಹೋಗುತ್ತೇನೆ.