ಮತ್ಸ್ಯಕನ್ಯೆಯ ಮೂಗು, ಬಾವಲಿಯ ಮರಿ

"ಅಮ್ಮಾ, ಥರ್ಜಾ ಅಜ್ಜೀನ ಚರ್ಚೊಳಗೆ ಯಾರು ಕೂಡಿ ಹಾಕಿದ್ದಾರೆ?"

ಬೆಳಿಗ್ಗೆ ಓಟ್ಸ್ ಗಂಜಿ ತಿನ್ನುತ್ತಾ ಟಿಲ್ಡಾ ಕೇಳಿದಳು. ನಾಲ್ಕು ವರ್ಷದವಳಿಗೆ ಹಾಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ, ನಾವು ಯಾವಾಗ ಹೋದರೂ ಅವರು ಅಲ್ಲೇ ಇರುತ್ತಾರೆ. ಯಾರೂ ಕೂಡಿ ಹಾಕಿಲ್ಲ ಎಂದೆ. ಪಾತ್ರೆ ತೊಳೆಯುವಾಗ, ಅದು ಪೂರ್ತಿ ನಿಜವಲ್ಲ ಅನ್ನಿಸಿತು.

ನಾರ್ಫೋಕ್ ಜಿಲ್ಲೆಯ ನಮ್ಮ ಹಳ್ಳಿಯ ಚರ್ಚಿನಲ್ಲಿ ಬೆಂಚುಗಳ ತುದಿಗೆ ಆರುನೂರು ವರ್ಷದ ಕೆತ್ತನೆಗಳಿವೆ: ಹದ್ದಿನ ತಲೆಯ ಸಿಂಹ, ಬಾಚಣಿಗೆ ಹಿಡಿದ ಮತ್ಸ್ಯಕನ್ಯೆ, ಹೊಟ್ಟೆಯಲ್ಲೇ ಮುಖವಿರುವ ಮನುಷ್ಯ. ಮೇಲೆ ತೊಲೆಗಳಲ್ಲಿ ಬಾವಲಿಗಳ ಬಾಣಂತನ. ಅವುಗಳ ಮೂತ್ರ ಬಿದ್ದಲ್ಲಿ ಮರ ಕಪ್ಪಾಗಿ ಗುಳಿ ಬೀಳುತ್ತದೆ. ಮತ್ಸ್ಯಕನ್ಯೆಯ ಮೂಗು ಆಗಲೇ ಹೋಗಿದೆ. ಬಾವಲಿಗಳನ್ನು ಓಡಿಸಲು ಕಾನೂನು ಬಿಡುವುದಿಲ್ಲ. ಕಾನೂನು ಬಿಟ್ಟರೂ ಥರ್ಜಾ ಲಾರ್ವುಡ್ ಬಿಡುವವರಲ್ಲ. ಎಪ್ಪತ್ತೆರಡರ ಈ ಹೆಂಗಸು ಮೇ ತಿಂಗಳಿಂದ ಆಗಸ್ಟ್‌ವರೆಗೆ ದಿನಾ ಸಂಜೆ ಬೆಂಚುಗಳಿಗೆ ಹಳೇ ಬೆಡ್‌ಶೀಟು ಹೊದಿಸಿ, ಬೆಳಿಗ್ಗೆ ತೆಗೆದು ಒಗೆಯುತ್ತಾರೆ.

ಐದು ವರ್ಷದ ಹಿಂದೆ ಎರಡೇ ದಿನ ಊರು ಬಿಟ್ಟಿದ್ದರಂತೆ. ಚರ್ಚಿನ ಮೇಲ್ವಿಚಾರಕ ಬುಲಿಮೋರ್ ಶೀಟುಗಳನ್ನು ಅಚ್ಚುಕಟ್ಟಾಗಿ ಮಡಚಿ ಒಗೆಯುವ ಮಷಿನ್ನಿಗೆ ಹಾಕಿದರು. ಮೇಲಿಂದ ಬಿದ್ದಿದ್ದ ಎರಡು ಮರಿಗಳು ಮಡಿಕೆಯೊಳಗೇ ಕಚ್ಚಿಕೊಂಡಿದ್ದವು.

ಇವತ್ತು ನಾವು ಮೊಟ್ಟೆ ಕೊಡಲು ಹೋದಾಗ ಬುಲಿಮೋರ್ ಅಲ್ಲೇ ಇದ್ದರು.

"ಏನಮ್ಮಾ ಥರ್ಜಾ, ಬಾವಲಿ ಜೊತೆ ನಿನ್ಗೇನು ಮದ್ವೆ ಆಗಿದ್ಯಾ? ನಿಮ್ಮಕ್ಕ ಹೆಟ್ಟಿಗೆ ಗುರುವಾರ ಹೃದಯದ ಆಪರೇಷನ್ನು. ಹೋಗ್ಬಾ. ನಾನಿಲ್ವಾ, ನೋಡ್ಕೋತೀನಿ."

"ನೀನು ನೋಡ್ಕೊಂಡಿದ್ದು ನೋಡಿದೀನಿ ಬಿಡಪ್ಪಾ. ಆ ಮರಿಗಳ ಮೈಯೆಲ್ಲಾ ಸೋಪಿನ ವಾಸ್ನೆ."

ಬುಲಿಮೋರ್ ಟೋಪಿ ತಿರುವುತ್ತಾ ಹೊರಗೆ ಹೋದರು. ಒಳ್ಳೆಯ ಮನುಷ್ಯ, ಪಾಪ.

ಥರ್ಜಾ ಶೀಟಿನ ಒಂದು ತುದಿ ಹಿಡಿದು ನಿಂತೇ ಇದ್ದರು. "ಹೆಟ್ಟಿ ಇರೋದು ವಿಟ್ಬೀಲಿ. ಹೋಗೋಕೊಂದು ದಿನ, ಬರೋಕೊಂದು ದಿನ. ನಿನ್ನೆ ಫೋನಲ್ಲಿ ಬರ್ತೀಯಾ ಅಂತ ಕೇಳ್ಲೇ ಇಲ್ಲ ಕಣೇ. ನಾನು ಬರಲ್ಲ ಅಂತ ಅವ್ಳಿಗೆ ಗೊತ್ತು."

ಅವರು ಕೊಟ್ಟ ಗವಸು ಹಾಕಿಕೊಂಡು ಇನ್ನೊಂದು ತುದಿ ಹಿಡಿದೆ. ಟಿಲ್ಡಾಳ ಜೇಬು ತಡಕದೆ ನಾನು ಅವಳ ಬಟ್ಟೆ ಒಗೆಯುವುದಿಲ್ಲ. ಒಮ್ಮೆ ಬಸವನಹುಳು ಸಿಕ್ಕಿತ್ತು. ಅದೇ ಅಭ್ಯಾಸಕ್ಕೆ ಬೆರಳು ಮಡಿಕೆಯ ಉದ್ದಕ್ಕೂ ಹೋಯಿತು. ಮತ್ಸ್ಯಕನ್ಯೆಯ ಬೆಂಚಿನ ಹತ್ತಿರ ಹೆಬ್ಬೆರಳ ಉಗುರಿನಷ್ಟು ಏನೋ ಅಲುಗಿತು. ಕೂದಲಿಲ್ಲದ, ಗುಲಾಬಿ ಬಣ್ಣದ ಜೀವ.

"ಇದಕ್ಕೂ ಅಮ್ಮ ಇದ್ದಾಳಾ?" ಎಂದಳು ಟಿಲ್ಡಾ.

"ಇದ್ದಾಳೆ ಪುಟ್ಟಿ, ಮೇಲೆ," ಎನ್ನುತ್ತಾ ಥರ್ಜಾ ಬಟ್ಟೆ ಹಾಸಿದ ಡಬ್ಬಿ ಮುಂದೆ ಹಿಡಿದರು. ಆದರೆ ಅವರು ನೋಡುತ್ತಿದ್ದುದು ಮರಿಯನ್ನಲ್ಲ, ನನ್ನ ಕೈಯನ್ನು.

"ಬುಧವಾರ ಸಂಜೆಯಿಂದ ಶನಿವಾರ ಬೆಳಿಗ್ಗೆವರ್ಗೂ," ಎಂದರು ಸಣ್ಣ ದನಿಯಲ್ಲಿ. "ಮಗು ಕಟ್ಕೊಂಡು ಕಷ್ಟ ಅಂತ ಗೊತ್ತು. ಒಂದೊಂದು ಮಡಿಕೇನೂ ಹೀಗೇ ಬೆರಳಾಡ್ಸಿ ನೋಡ್ತೀಯಾ, ತಾಯಿ?"