ಮುಂದಿನ ಸಾಲಿನ ವಾರಿಜಾಕ್ಷಿ ಟೀಚರ್

ಕುಂದಾಪುರವಿರಲಿ, ಬ್ರಹ್ಮಾವರವಿರಲಿ, ಶಿಕ್ಷಕರಿಗೆ ಡಿಜಿಟಲ್ ಪಾಠದ ಸಮ್ಮೇಳನವೆಂದರೆ ಮುಂದಿನ ಸಾಲಿನ ಮೊದಲ ಕುರ್ಚಿ ಕಿರಿಮಂಜೇಶ್ವರ ಕಡೆಯ ವಾರಿಜಾಕ್ಷಿ ಟೀಚರಿಗೇ ಸಲ್ಲಬೇಕು. ಉಳಿದವರು ಊಟದ ಹೊತ್ತಿಗೆ ಸರಿಯಾಗಿ ಸಹಿ ಹಾಕಲು ಬಂದರೆ, ಇವರು ಮೊದಲ ಬಸ್ಸಿಗೇ ಬಂದು ಕುರ್ಚಿಯ ಮೇಲೆ ಕೊಡೆ ಇಟ್ಟಿರುತ್ತಾರೆ. ಪರದೆಯಲ್ಲಿ ಕಂಡದ್ದನ್ನೆಲ್ಲ, ಮೂಲೆಯ ಬ್ಯಾಟರಿ ಗುರುತನ್ನೂ ಆಫ್ ಗುಂಡಿಯನ್ನೂ ಬಿಡದೆ, ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಳ್ಳುತ್ತಾರೆ. "ಹ್ವಾಯ್ ಟೀಚರೇ, ಫೋಟೊ ತೆಗದ್ರೆ ಸಾಕಲ್ದಾ?" ಎಂದು ಪಕ್ಕದವರು ಕೇಳಿದರೆ, "ಬಿಡ್ಸಿದ್ರೆ ಕೈಗೆ ನೆನ್ಪಿರತ್ತ್ ಮಾರಾಯ್ರೆ" ಎನ್ನುತ್ತಾರೆ. ಅವರ ಶಾಲೆಗೆ ಪರದೆ ಇನ್ನೂ ಬಂದಿಲ್ಲ. ಮರುದಿನ ಅಷ್ಟೂ ಕರಿಹಲಗೆಯ ಮೇಲೆ ಬಣ್ಣದ ಚಾಕಿನಲ್ಲಿ ಮೂಡುತ್ತದೆ. ಸಂಜೆ ಗಂಟೆ ಹೊಡೆದ ಮೇಲೆ ಒಂದನೇ ಕ್ಲಾಸಿನ ಶ್ರಾವ್ಯ ಸ್ಟೂಲು ಹತ್ತಿ ಆ ಚಾಕಿನ ಗುಂಡಿಯನ್ನು ಒತ್ತಿ ಆಫ್ ಮಾಡುತ್ತಾಳೆ. ಅಲ್ಲಿಯವರೆಗೆ ಟೀಚರ್ ಡಸ್ಟರ್ ಹಿಡಿದುಕೊಂಡು ಕಾಯುತ್ತಾರೆ.