ಟೆರೇಸಿನ ಪೆಟ್ಟಿಗೆಯಲ್ಲಿದ್ದ ಮದುವೆಗಳು

ಆಗ ನಾವು ವಿಜಯನಗರದಲ್ಲಿ ಬಾಡಿಗೆಗಿದ್ದೆವು. ನನ್ನ ಗಂಡ ಮದುವೆಗಳ ವೀಡಿಯೊ ತೆಗೆಯುತ್ತಿದ್ದರು, ನಾನು ಮನೆಯಲ್ಲೇ ಕೂತು ಎಡಿಟ್ ಮಾಡುತ್ತಿದ್ದೆ. ಕ್ಯಾಸೆಟ್ಟಿನಲ್ಲಿದ್ದದ್ದನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ಮದುವೆ ತೆಗೆಯುವುದು ನಮ್ಮ ರೂಢಿ. ಹೀಗಾಗಿ ಎಷ್ಟೋ ಮನೆಗಳ ಮದುವೆ ಒಂದೇ ಒಂದು ಕಡೆ ಉಳಿದಿರುತ್ತಿತ್ತು: ಟೆರೇಸಿನ ಶೀಟ್ ರೂಮಿನಲ್ಲಿಟ್ಟಿದ್ದ ಹಳೆಯ ಕಂಪ್ಯೂಟರ್ ಪೆಟ್ಟಿಗೆಯೊಳಗೆ. ಅದನ್ನು ನಾವು ಸರ್ವರ್ ಎನ್ನುತ್ತಿದ್ದೆವು. ಅದಕ್ಕೆ ಮಾನಿಟರ್ ಇರಲಿಲ್ಲ, ಕೀಬೋರ್ಡ್ ಇರಲಿಲ್ಲ. ಒಳಗೆ ದೊಡ್ಡ ಹಾರ್ಡ್‌ಡಿಸ್ಕುಗಳಿದ್ದವು, ಅಷ್ಟೇ. ಅಲ್ಲಿಂದ ಗೋಡೆಯ ಹೊರಗೆ ಇಳಿಬಿಟ್ಟ ಕೇಬಲ್ಲು ಕಿಟಕಿಯಿಂದ ಒಳಬಂದು ನನ್ನ ಟೇಬಲ್ ಮುಟ್ಟುತ್ತಿತ್ತು.

ಆ ದಿನ ನಾಗರಬಾವಿಯಿಂದ ಒಬ್ಬ ಹೆಂಗಸು ಬರುವುದಿತ್ತು. ಅವರ ಮಗಳ ಮದುವೆ ನಾವೇ ತೆಗೆದಿದ್ದೆವು. ಮದುವೆಯಾದ ಕೆಲವೇ ದಿನಕ್ಕೆ ಅವರ ಯಜಮಾನರು ಎದೆನೋವೆಂದು ಕೂತವರು ಏಳಲಿಲ್ಲ. ಹಿಂದಿನ ದಿನ ಆಕೆಯೇ ಫೋನ್ ಮಾಡಿದ್ದರು.

“ವೀಡಿಯೊ ಆಮೇಲ್ ಕೊಡೀವಂತೆ ಕಣಮ್ಮ. ಅವ್ರು ಮಾತಾಡಿರೋದೇನಾದ್ರೂ ಇದ್ರೆ ಒಂದ್ ಕಿತ ತೋರ್ಸು. ಫೋಟೋ ಐತೆ, ದನಿ ಎಲ್ಲೂ ಇಲ್ಲ.”

ಊಟ ಮುಗಿಸಿ, ಅವರು ಬರುವಷ್ಟರಲ್ಲಿ ಆ ಭಾಗ ಹುಡುಕಿಡೋಣವೆಂದು ಕೂತೆ. ಸರ್ವರಿನ ಫೋಲ್ಡರ್ ತೆರೆಯಲೇ ಇಲ್ಲ. ಮತ್ತೆ ಒತ್ತಿದೆ. ಸರ್ವರಿಗೆ ಪಿಂಗ್ ಕಳಿಸಿ, ಅಂದರೆ ‘ಇದ್ದೀಯಾ’ ಎಂದು ನನ್ನ ಕಂಪ್ಯೂಟರಿನಿಂದ ಕೂಗಿ ಕೇಳಿದ ಹಾಗೆ, ನೋಡಿದೆ; ಉತ್ತರವಿಲ್ಲವೆಂಬ ಒಂದೇ ಸಾಲು ಪರದೆಯ ತುಂಬ ಬಂತು. ಹಿಂದಿನ ಸಂಜೆ ಜೋರು ಗುಡುಗು ಸಿಡಿಲು ಬಂದು ಬೀದಿಯ ಕರೆಂಟೆಲ್ಲ ಹೋಗಿತ್ತು. ಅದು ನೆನಪಾದದ್ದೇ ಕುರ್ಚಿ ಬಿಟ್ಟೆದ್ದೆ.

ಟೆರೇಸಿಗೆ ಓಡಿದೆ. ಪೆಟ್ಟಿಗೆಯ ಫ್ಯಾನ್ ತಿರುಗುತ್ತಿತ್ತು. ಆದರೆ ಹಿಂಬದಿ, ಕೇಬಲ್ ಸಿಕ್ಕಿಸುವ ಜಾಗದ ಪಕ್ಕದ ಹಸಿರು ದೀಪ ಆರಿಹೋಗಿತ್ತು. ಬೇರೆ ಕೇಬಲ್ ಹಾಕಿದೆ, ಹತ್ತಲಿಲ್ಲ. ಕೆಳಗೆ ನನ್ನ ಟೇಬಲ್ಲಿನ ಮೇಲೆ ಕೇಬಲ್ಲುಗಳನ್ನು ಕೂಡಿಸುವ ಪುಟ್ಟ ಡಬ್ಬಿಯಲ್ಲಿ ಅದರ ತುದಿಯನ್ನು ಬೇರೆ ತೂತಿಗೆ ಬದಲಾಯಿಸಿ ಬಂದೆ. ಆಗಲೂ ಇಲ್ಲ. ತುಮಕೂರಿನ ಕಡೆ ಮದುವೆಗೆ ಹೋಗಿದ್ದ ಗಂಡನಿಗೆ ಫೋನ್ ಮಾಡಿದೆ. ಅತ್ತ ಕಡೆ ವಾಲಗದ ಸದ್ದು.

“ಡಿಸ್ಕ್ ಸೌಂಡ್ ಕೇಳು. ಟಕ್ ಟಕ್ ಅಂತಿದ್ರೆ ಕೂಡ್ಲೇ ಆಫ್ ಮಾಡ್ಬಿಡು ಕಣೇ” ಎಂದರು.

“ಫ್ಯಾನ್ ಸದ್ದಲ್ಲಿ ಏನೂ ಕೇಳ್ತಿಲ್ಲ ರೀ. ಸಿಡಿಲಿಗೆ ಡಿಸ್ಕೂ ಹೋಗಿರತ್ತಾ?”

“ಕೇಬಲ್ ಸಿಕ್ಕಿಸೋ ನೆಟ್‌ವರ್ಕ್ ಕಾರ್ಡ್ ಮಾತ್ರ ಹೋಗಿರ್ಬೋದು. ಅಟ್ಟದ ಮೇಲಿರೋ ಹಳೇ ಕಂಪ್ಯೂಟರಲ್ಲಿ ಒಂದು ಕಾರ್ಡಿದೆ, ತೆಗೆದು ಹಾಕು” ಎಂದರು. ಯಾರೋ ಕರೆದರು, ಫೋನ್ ಕಟ್ಟಾಯಿತು.

ಪ್ಲಗ್ ಕಿತ್ತು ಪೆಟ್ಟಿಗೆ ಬಿಚ್ಚಿದೆ. ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಕಾರ್ಡನ್ನು ಹೊರಗೆಳೆದರೆ ಅದರ ಒಂದು ಮೂಲೆ ಕಪ್ಪಾಗಿತ್ತು. ಅದರಿಂದ ಗೇಣು ದೂರದಲ್ಲೇ ಡಿಸ್ಕುಗಳು. ಅವುಗಳ ಮೇಲೆ ಕೈಯಿಡಲೂ ನನಗೆ ಭಯವಾಯಿತು. ಹಳೆಯ ಕಾರ್ಡು ತಂದು ಕೂರಿಸುವಾಗ ಸ್ಕ್ರೂ ಮತ್ತೆ ಮತ್ತೆ ಕೆಳಗೆ ಬೀಳುತ್ತಿತ್ತು. ಆಗಲೇ ಕೆಳಗಿನಿಂದ ಅತ್ತೆ ಕೂಗಿದರು: “ನಾಗರಬಾವಿಯೋರು ಬಂದವ್ರೆ ಕಣಮ್ಮಾ!”

ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟಿದ್ದರು. ಸರ್ವರ್ ಆನ್ ಮಾಡಿದೆ. ಹಸಿರು ದೀಪ ಹತ್ತಿತು! ಮೆಟ್ಟಿಲಿಳಿದು ಹಾಲಿಗೆ ಬಂದೆ. ಆಕೆ ಸೋಫಾದ ಅಂಚಿನಲ್ಲಿ, ಈಗಲೇ ಎದ್ದು ಹೋಗುವವರ ಹಾಗೆ ಕೂತಿದ್ದರು. ಹಣೆ ಬರಿದಾಗಿತ್ತು. “ಸಿಕ್ತೇನಮ್ಮ?” ಎಂದರು. “ಒಂದ್ನಿಮಿಷ ಆಂಟಿ” ಎಂದೆ, ಮುಖ ನೋಡದೆ. ಒಳಗೆ ಹೋಗಿ ಪಿಂಗ್ ಮಾಡಿದರೆ ಮತ್ತೆ ಅದೇ ಸಾಲು.

ಈ ಸಲ ನಿಜಕ್ಕೂ ಹೆದರಿದೆ. ಕಾರ್ಡಿಗೆ ಜೀವ ಬಂದಿದೆ, ಆದರೂ ಸರ್ವರ್ ಮಾತಾಡುತ್ತಿಲ್ಲವೆಂದರೆ ಡಿಸ್ಕು ಸತ್ತು ಅದು ಶುರುವಾಗದೆ ನಿಂತಿದೆ ಎಂದೇ ತೋರಿತು. ಹಾಲ್‌ನಲ್ಲಿ ಅತ್ತೆ ಕಾಫಿ ಕೊಟ್ಟು, ಬೀಗರು ಎಲ್ಲಿಯವರು ಎಂದು ವಿಚಾರಿಸುತ್ತಿದ್ದರು. ಆಕೆಯ ಒಂದೊಂದು ಉತ್ತರವೂ ಗೋಡೆಯಾಚೆಯಿಂದ ನನ್ನ ಕಿವಿಗೆ ಬೀಳುತ್ತಿತ್ತು. ಹೋಗಿ ಏನು ಹೇಳಲಿ? ನಿಮ್ಮ ಯಜಮಾನರ ದನಿ ಸಿಡಿಲಿಗೆ ಹೋಯಿತು ಎನ್ನಲೇ?

ನನ್ನ ಮಾನಿಟರನ್ನು ಬಿಚ್ಚಿ ತಬ್ಬಿಕೊಂಡು ಹಿತ್ತಲ ಮೆಟ್ಟಿಲು ಹತ್ತಿದೆ. ಆ ಕಾಲದ ಮಾನಿಟರ್, ಕಲ್ಲಿನ ಭಾರ. ಮತ್ತೆ ಇಳಿದು ಕೀಬೋರ್ಡ್ ತಂದೆ. ಎರಡನ್ನೂ ಸರ್ವರಿಗೆ ಸಿಕ್ಕಿಸಿದಾಗ ಕತ್ತಲಾಗಿದ್ದ ಪರದೆ ನಿಧಾನ ಬೆಳಗಿ, ಪಾಸ್‌ವರ್ಡ್ ಕೇಳಿತು. ಶುರುವಾಗದೆ ನಿಂತಿರಲಿಲ್ಲ! ನೋಡುತ್ತ ಹೋದಂತೆ ತಿಳಿಯಿತು: ಬದಲಾದ ಕಾರ್ಡನ್ನು ಸರ್ವರ್ ಬೇರೆಯದೆಂದು ಲೆಕ್ಕ ಹಿಡಿದು ಬೇರೆ ಹೆಸರಿಟ್ಟಿತ್ತು. ನನ್ನ ಕಂಪ್ಯೂಟರು ಸರ್ವರನ್ನು ಹುಡುಕುವ ವಿಳಾಸ ಮಾತ್ರ ಸುಟ್ಟುಹೋದ ಕಾರ್ಡಿನ ಹೆಸರಿನಲ್ಲೇ ಇತ್ತು. ಆ ಹೆಸರು ತಿದ್ದಿದೆ. ಫೋಲ್ಡರಿನ ಪಟ್ಟಿ ತೆರೆಯುವ ಮುಂಚೆ ಕಣ್ಣು ಮುಚ್ಚಿಕೊಂಡೆ. ಬಿಟ್ಟಾಗ ಎಲ್ಲ ಮದುವೆಗಳೂ ಸಾಲಾಗಿ ಇದ್ದವು. ಶೀಟಿನ ಕಾವಿನಲ್ಲಿ ಬೆವೆತು ಹೋಗಿದ್ದೆ.

ಮಾನಿಟರ್ ಕೆಳಗೆ ತಂದು ಜೋಡಿಸಿ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಧಾರೆಯ ಹೊತ್ತಿನಲ್ಲಿ ಆ ಯಜಮಾನರು ಒಂದು ಮಾತೂ ಆಡಿರಲಿಲ್ಲ. ವೀಡಿಯೊ ಮುಂದಕ್ಕೆ ಓಡಿಸಿದೆ. ಕೊನೆಗೆ ಊಟದ ಹಾಲ್‌ನಲ್ಲಿ ಸಿಕ್ಕರು. ಪಂಚೆ ಎತ್ತಿ ಕಟ್ಟಿ, ಬಡಿಸುವವರ ಮೇಲೆ ಕೂಗಾಡುತ್ತಿದ್ದರು: “ಆ ಕೊನೇ ಸಾಲ್ಗೆ ಪಾಯಸ ಬಂದಿಲ್ಲ ಕಣ್ರೋ! ನಿಮ್ಗೇನು ಕಣ್ ಕಾಣಾಕಿಲ್ವಾ?”

ಆಕೆ ಸೆರಗು ಬಾಯಿಗೊತ್ತಿಕೊಂಡರು. ಅಳುತ್ತಾರೆಂದುಕೊಂಡೆ, ನಗುತ್ತಿದ್ದರು. “ಜನ್ಮೆಲ್ಲ ಹಿಂಗೇ ಗದರ್ಕೊಂಡೇ ಕಳೆದ ಕಣಮ್ಮ ಈವಯ್ಯ” ಎಂದರು. ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು, “ಇನ್ನೊಂದ್ ಕಿತ ಹಾಕು” ಎಂದರು. ಎಷ್ಟೋ ಸಲ ಹಾಕಿದೆ. ಕೊನೆಕೊನೆಗೆ ಅತ್ತರು. ಅಷ್ಟನ್ನೇ ಒಂದು ಸೀಡಿಗೆ ಹಾಕಿಕೊಟ್ಟೆ. ಮಡಿಲಲ್ಲಿಟ್ಟುಕೊಂಡು ಆಟೋ ಹತ್ತಿದರು.

ಮರುದಿನ ಗಂಡ ಬಂದಾಗ ಎಲ್ಲ ಹೇಳುತ್ತ ಹೇಳುತ್ತ ನನಗೆ ಅಳು ಬಂದುಬಿಟ್ಟಿತು.

“ಎಲ್ಲಾ ಸಿಕ್ತಲ್ಲ, ಈಗ್ಯಾಕೆ ಅಳ್ತೀಯಾ?”

“ಸಿಗದೇ ಇದ್ದಿದ್ರೆ ಆಯಮ್ಮಂಗೆ ಏನ್ ಹೇಳ್ತಿದ್ದೆ ಅಂತ ಇನ್ನೂ ಗೊತ್ತಾಗ್ತಿಲ್ಲ ರೀ.”

ಅವರು ಕ್ಯಾಮೆರಾ ಬ್ಯಾಗನ್ನು ಕೆಳಗಿಟ್ಟವರೇ, ಬಂದ ಬಟ್ಟೆಯಲ್ಲೇ, ಮದುವೆಗಳ ಎರಡನೆಯ ಪ್ರತಿ ಇಡಲು ಇನ್ನೊಂದು ಡಿಸ್ಕ್ ತರಲು ಬೈಕ್ ಹತ್ತಿದರು.